ದಾದಿಯಮ್ಮನ ಹಾಲಿನ ಗಾಡಿ

“ಆ ಮನೇಲಿ ಹೆಂಡತಿ ಮುಂದೆ, ಗಂಡ ಹಿಂದೆ” ಎಂದು ಆಸ್ಪತ್ರೆ ವಸತಿಯ ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನಿ. ರಜೆಯ ದಿನ ದಾದಿಯಮ್ಮ ಮೋಟಾರ್ ಸೈಕಲ್ಲಿನ ಮುಂದೆ ಕೂತು ಹ್ಯಾಂಡಲ್ ಹಿಡಿದರೆ, ಗ್ರಂಥಾಲಯದ ಗುಮಾಸ್ತನಾದ ಅವಳ ಗಂಡ ಹಿಂದೆ ಕೂತು, ತರಕಾರಿ ಚೀಲವನ್ನು ಅವುಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ.

“ಕಣ್ಣು ಯಾಕೆ ಮುಚ್ಕೋತೀರಿ ಸ್ವಾಮಿ?” ಎಂದು ಎದುರುಮನೆಯ ಕಾಂಪೌಂಡರ್ ಒಮ್ಮೆ ಕೇಳಿದ.

“ಬಿಟ್ಟರೆ ದಾರಿ ಕಾಣುತ್ತಲ್ಲಪ್ಪ, ಅದಕ್ಕೇ.”

ಆದರೆ ಆ ಗಾಡಿ ಮನೆಗೆ ಬಂದದ್ದು ತರಕಾರಿ ತರಲಿಕ್ಕಲ್ಲ. ಊರಾಚೆ ಗುಡ್ಡದ ಮೇಲೆ ಕಲ್ಲು ಒಡೆಯುವವರ ಕೇರಿಯೊಂದಿತ್ತು. ಅಲ್ಲಿಗೆ ದಿನಕ್ಕೆ ಎರಡೇ ಬಸ್ಸು. ಒಂದು ಬೆಳಿಗ್ಗೆ ಹೆರಿಗೆಗೆ ಕರೆ ಬಂತು. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ದಾದಿಯಮ್ಮ ಚೀಲ ಹೊತ್ತು, ಅರ್ಧ ಓಡಿ ಅರ್ಧ ನಡೆದು ಗುಡ್ಡ ಹತ್ತುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಮಗು ಹುಟ್ಟಿತ್ತು, ಅತ್ತಿರಲಿಲ್ಲ. ಗಂಟಲಿನ ಲೋಳೆ ತೆಗೆಯಬಲ್ಲ ಎರಡು ಬೆರಳು ಅಲ್ಲಿದ್ದಿದ್ದರೆ ಉಳಿಯುತ್ತಿತ್ತೋ ಏನೋ. ಆ ತಾಯಿ ಬೈಯಲಿಲ್ಲ. “ಬಂದ್ಯಾ ಅಕ್ಕ? ಕೂತ್ಕೋ, ದಣಿದಿದ್ದೀಯ” ಅಂದಳು. ಬೈದಿದ್ದರೆ ಮರೆತುಹೋಗುತ್ತಿತ್ತು. ಈ ಮಾತು ಮುಳ್ಳಿನಂತೆ ಒಳಗೇ ಮುರಿದು ಕೂತಿತು.

ಮರುವರ್ಷ ಅದೇ ತಾಯಿ, ಏಳು ತಿಂಗಳ ಬಸುರಿ, ತೂಕ ನೋಡಿಸಿಕೊಳ್ಳಲು ಕೆಳಗಿಳಿದು ಬಂದಳು. “ಈ ಸಲ ಬರ್ತೀಯಲ್ಲಕ್ಕಾ?” ಎಂದು ಕೇಳಿದಳು.

“ಬರ್ತೀನಿ” ಎಂದಳು ದಾದಿಯಮ್ಮ. ಹೇಗೆ ಬರುವುದೆಂದು ಅವಳಿಗೇ ಗೊತ್ತಿರಲಿಲ್ಲ.

ಆ ವಾರವೇ, ಹಾಲಿನವನು ತನ್ನ ಹಳೆಯ ಮೋಟಾರ್ ಸೈಕಲ್ ಮಾರುತ್ತಾನೆಂದು ಕಿವಿಗೆ ಬಿತ್ತು. ಗಂಡನನ್ನೂ ಕೇಳದೆ ಕೊಂಡುಬಿಟ್ಟಳು. ಕ್ಯಾನು ತೂಗುಹಾಕುವ ಕಬ್ಬಿಣದ ಚೌಕಟ್ಟುಗಳು ಎರಡೂ ಪಕ್ಕದಲ್ಲಿ ಹಾಗೇ ಇದ್ದವು. ಸೀಟಿನಲ್ಲಿ ಹುಳಿಹಾಲಿನ ವಾಸನೆ. ಗುಮಾಸ್ತ ಗಾಡಿಯ ಸುತ್ತ ಎರಡು ಸುತ್ತು ಬಂದ.

“ಇದನ್ನ ಓಡಿಸೋರು ಯಾರು?”

“ನಾನು.”

“ನಿನ್ನ ಕಾಲು ನೆಲಕ್ಕೆ ಎಟಕಲ್ಲವಲ್ಲೇ!”

“ನೆಲಾನ ಎತ್ತೋಕಾಗಲ್ಲ. ಗಾಡೀನ ಇಳಿಸೋಣ.”

ಇಳಿಸುವ ಕೆಲಸ ಮೌನಿಯ ಪಾಲಿಗೆ ಬಂತು. ಮೌನಿ ಎಂದರೆ ಬೀದಿ ಕೊನೆಯ ಮೆಕ್ಯಾನಿಕ್. ಉಸಿರಾಡಲಿಕ್ಕೂ ಮಾತು ನಿಲ್ಲಿಸದವನು, ಅದಕ್ಕೇ ಆ ಹೆಸರು. “ಅಮ್ಮಾ, ಇದು ಹಾಲು ಹೊತ್ತ ಗಾಡಿ. ಸಾಧು. ಆದರೆ ಮುದಿ” ಎಂದು ಶುರುಮಾಡಿದವನು ಸಂಜೆಯವರೆಗೆ ಮುಗಿಸಲಿಲ್ಲ. ಮಾತಾಡುತ್ತಲೇ ಸೀಟಿನ ಹೊದಿಕೆ ಬಿಚ್ಚಿ, ಒಳಗಿನ ಸ್ಪಂಜನ್ನು ನಾಲ್ಕು ಬೆರಳು ಕೊಯ್ದ. ಹ್ಯಾಂಡಲನ್ನು ಅವಳ ಕಡೆ ಬಾಗಿಸಿದ. ಕಿಕ್ಕರ್ ತುಳಿಯಲು ಅವಳ ಮೈತೂಕ ಸಾಲದು ಎಂದು ಅದರ ತುದಿಗೆ ಗೇಣುದ್ದದ ಸರಳು ಬೆಸೆದ. ಹಿಂದಿನ ಚಕ್ರಕ್ಕೆ ಚೈನು ಕೂರುವ ಸ್ಪ್ರಾಕೆಟನ್ನು ಹೆಚ್ಚು ಹಲ್ಲಿನದು ಹಾಕಿ, “ಇನ್ನು ಓಟದಲ್ಲಿ ಸೈಕಲ್ಲೂ ನಿಮ್ಮನ್ನ ಹಿಂದಾಕುತ್ತೆ. ಗುಡ್ಡದಲ್ಲಿ ಮಾತ್ರ ಯಾರೂ ಹಿಂದಾಕಲ್ಲ” ಎಂದ. ಹಾಲಿನ ಚೌಕಟ್ಟುಗಳನ್ನು ಕಿತ್ತು ಹಾಕಲು ಹೋದಾಗ ದಾದಿಯಮ್ಮ ಬಿಡಲಿಲ್ಲ. ಅವುಗಳಿಗೆ ತಗಡಿನ ಎರಡು ಪೆಟ್ಟಿಗೆ ಕೂರಿಸಿದರು: ಒಂದರಲ್ಲಿ ಹೆರಿಗೆ ಚೀಲ, ಇನ್ನೊಂದರಲ್ಲಿ ಕಂಬಳಿ, ತಕ್ಕಡಿ.

ಓಡಿಸಲು ಕಲಿತದ್ದು ಆಸ್ಪತ್ರೆಯ ಹಿಂದಿನ ಬಯಲಲ್ಲಿ. ಬಿದ್ದಳು, ಎದ್ದಳು, ಮೊಣಕಾಲಿಗೆ ತಾನೇ ಪಟ್ಟಿ ಕಟ್ಟಿಕೊಂಡಳು. ಗುಮಾಸ್ತ ದೂರದಲ್ಲಿ ಅಯೋಡಿನ್ ಬಾಟಲಿ ಹಿಡಿದು ನಿಂತಿರುತ್ತಿದ್ದ.

ಎಲ್ಲ ಮುಗಿಯಿತು ಅನ್ನುವಾಗ ಎಂಜಿನ್ನು ತೊದಲಲು ಶುರುಮಾಡಿತು. “ಕಾರ್ಬ್ಯುರೇಟರ್ ಕೊಳೆಯಾಗಿದೆ ಕಣಮ್ಮಾ. ನಾಳೆ ಬಿಚ್ಚಿ ಚೆನ್ನಾಗಿ ಕ್ಲೀನ್ ಮಾಡ್ಕೊಡ್ತೀನಿ” ಎಂದ ಮೌನಿ. ನಾಳೆಯವರೆಗೆ ಕಾಯುವುದೇಕೆ? ಅವನು ಬಿಚ್ಚುವುದನ್ನು ಕಣ್ಣಾರೆ ಕಂಡಿದ್ದಳು. ತಾನೇ ಬಿಚ್ಚಿದಳು. ಇಪ್ಪತ್ತು ವರ್ಷ ಕತ್ತರಿ, ಚಿಮುಟಗಳನ್ನು ಶುಚಿಮಾಡಿದವಳಿಗೆ ಚೆನ್ನಾಗಿ ಕ್ಲೀನ್ ಮಾಡುವುದೆಂದರೆ ಒಂದೇ ಅರ್ಥ. ಪಾತ್ರೆಯಲ್ಲಿ ನೀರಿಟ್ಟು, ಇದ್ದಬದ್ದ ಬಿಡಿಭಾಗಗಳನ್ನೆಲ್ಲ ಹಾಕಿ, ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕುದಿಸಿದಳು. ಒಗೆದ ಬಟ್ಟೆಯ ಮೇಲೆ ಹರವಿ, ಮತ್ತೊಂದು ಬಟ್ಟೆ ಮುಚ್ಚಿ ಒಣಗಿಸಿದಳು. ಮರುದಿನ ಬೆಳಿಗ್ಗೆ ಜೋಡಿಸಿ ಪೆಟ್ರೋಲ್ ಬಿಟ್ಟರೆ ಕೊಳಾಯಿ ಬಿಟ್ಟಂತೆ ಕೆಳಗೆ ಸುರಿಯಿತು.

ಮೌನಿ ಬಂದು ನೋಡಿದ. ಒಳಗೆ ತೇಲುತ್ತ ಪೆಟ್ರೋಲ್ ತಡೆಯುವ ಪ್ಲಾಸ್ಟಿಕ್ ಬುರುಡೆ ಸೊಟ್ಟಗಾಗಿತ್ತು, ರಬ್ಬರ್ ಬಳೆಗಳು ಉಬ್ಬಿದ್ದವು. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿ ಕಟ್ಟಿತು.

“ಕುದಿಸಿದಿರಾ?”

“ಇಪ್ಪತ್ತೇ ನಿಮಿಷ.”

“ಅಮ್ಮಾ ತಾಯಿ, ಇದಕ್ಕೇನು ಸೋಂಕು ತಗಲುತ್ತಾ?”

ಗುಮಾಸ್ತ ನಗು ತಡೆಯಲಾರದೆ ಒಳಗೆ ಓಡಿದ. ದಾದಿಯಮ್ಮನಿಗೆ ನಗು ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಆಸ್ಪತ್ರೆಯ ಜವಾನ ಗೇಟಿನಲ್ಲಿ ನಿಂತಿದ್ದ: ಕಲ್ಲುಗಣಿಯ ಕಚೇರಿಯಿಂದ ಫೋನು ಬಂದಿದೆ, ಅದೇ ತಾಯಿಗೆ ನೋವು ಶುರುವಾಗಿದೆ. ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು.

ದಾದಿಯಮ್ಮ ಆಗಲೇ ಹೆರಿಗೆ ಚೀಲ ತಂದು ತಗಡಿನ ಪೆಟ್ಟಿಗೆಗೆ ಹಾಕುತ್ತಿದ್ದಳು. ಮೌನಿ ಅವಳನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದ. ಮಾತಿಲ್ಲದೆ ಅಂಗಡಿಗೆ ಓಡಿ, ತನ್ನ ಸ್ವಂತ ಗಾಡಿಯ ಕಾರ್ಬ್ಯುರೇಟರನ್ನು ಇಡಿಯಾಗಿ ಕಿತ್ತು ತಂದು ಇದಕ್ಕೆ ಬಿಗಿದ. ಬೀದಿಯವರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಉದ್ದನೆಯ ಕಿಕ್ಕರಿನ ಮೇಲೆ ದಾದಿಯಮ್ಮ ಎರಡು ಕಾಲಲ್ಲೂ ಹತ್ತಿ ನಿಂತಳು. ಒಂದು, ಎರಡು, ಮೂರನೆಯದಕ್ಕೆ ಎಂಜಿನ್ನು ಶುರುವಾಯಿತು.

ಗುಡ್ಡದ ಏರಿನಲ್ಲಿ ಅವಳು ಒಂದೇ ಒಂದು ಸಲವೂ ಕಾಲು ಕೆಳಗಿಡಲಿಲ್ಲ. ಒಳಗೆ ಹೋದಾಗ ಆ ತಾಯಿ ಗೋಡೆ ಹಿಡಿದು ನಿಂತಿದ್ದಳು. “ಬಂದ್ಯಾ ಅಕ್ಕ?” ಎಂದಳು.

“ಬಂದೆ. ಇನ್ನೂ ಹೊತ್ತಿದೆ, ನೀನೇ ಕೂತ್ಕೋ.”

ಈ ಸಲ ಹುಟ್ಟಿದ್ದು ಹೆಣ್ಣು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು; ಬಿಡಿಸಿದಳು. ಅದು ಅತ್ತ ಅಳು ಕಲ್ಲುಗಣಿಯವರೆಗೂ ಕೇಳಿಸಿತಂತೆ.

ಆಮೇಲಿನ ಹದಿನೇಳು ವರ್ಷ ಹೇಗೆ ಹೋದವೋ. ಆ ಗಾಡಿಯ ಸದ್ದು ಕೇಳಿದರೆ ಕೇರಿಯ ಬಸುರಿಯರ ಅರ್ಧ ನೋವು ಇಳಿಯುತ್ತಿತ್ತು ಎನ್ನುತ್ತಿದ್ದರು. ಮೌನಿ ಕಾರ್ಬ್ಯುರೇಟರ್ ವಾಪಸು ಕೇಳಲಿಲ್ಲ. ಆದರೆ ಹಳೆಯದನ್ನು ಕುದಿಸಿದ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಇಪ್ಪತ್ತು ನಿಮಿಷ ಮೂರು ತಾಸಾಯಿತು.

ನಿವೃತ್ತಿಯ ದಿನ ಬಂತು, ವಸತಿ ಖಾಲಿ ಮಾಡಬೇಕಾಯಿತು. ಅವಳ ಜಾಗಕ್ಕೆ ಬಂದ ದಾದಿ ಹುಡುಗಿ ಎತ್ತರದವಳು. ದಾದಿಯಮ್ಮ ಬಿಟ್ಟುಕೊಟ್ಟ ಗಾಡಿ ಹತ್ತಿದರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. “ಇರಲಿ ಬಿಡಿ ಅಮ್ಮಾ, ನಿಮ್ಮ ನೆನಪಿಗೆ ಹೀಗೇ ಇರಲಿ” ಎಂದಳು.

“ನೆನಪು ಕಟ್ಕೊಂಡು ಗುಡ್ಡ ಹತ್ತೋಕಾಗುತ್ತೇನೆ? ತಡ ಆಗುತ್ತೆ ಅಷ್ಟೇ” ಎಂದು ಗದರಿದಳು ದಾದಿಯಮ್ಮ. ತಾನೇ ಮುಂದೆ ನಿಂತು, ತಲೆ ನರೆತ ಮೌನಿಯಿಂದ ಸೀಟಿಗೆ ಹೊಸ ಸ್ಪಂಜು ತುಂಬಿಸಿದಳು. ಹ್ಯಾಂಡಲನ್ನು ನೆಟ್ಟಗೆ ಮಾಡಿಸಿದಳು. ಅವನು ಕಿಕ್ಕರಿನ ಬೆಸುಗೆ ಕೊಯ್ಯುವಾಗ ಮಾತ್ರ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದಳು.

ಹೊರಡುವ ಬೆಳಿಗ್ಗೆ ಗುಮಾಸ್ತ ಸಾಮಾನಿನ ಲಾರಿಯಲ್ಲಿ ಮುಂದೆ ಹೋಗಿಯಾಗಿತ್ತು. ದಾದಿಯಮ್ಮ ಬರಿದಾದ ಎರಡು ಕೋಣೆ ಗುಡಿಸಿ, ಕಿಟಕಿಗಳ ಅಗುಳಿ ಹಾಕಿ, ಬೀಗದ ಕೈಯನ್ನು ಎದುರುಮನೆಯ ಕಾಂಪೌಂಡರನ ಹೆಂಡತಿಗೆ ಕೊಟ್ಟಳು. ಆಕೆಗೆ ಸಿಟ್ಟು. “ಆ ಹುಡುಗಿ ನೋಡಿ ಅಕ್ಕಾ! ಗಾಡಿ ಕೊಟ್ಟಿರಿ, ಕೆಲಸ ಕಲಿಸಿದಿರಿ. ಹೊರಡೋ ಹೊತ್ತಿಗೆ ಒಂದು ಮಾತು ಹೇಳೋಕೂ ಬರಲಿಲ್ಲ. ಬೆಳಕು ಹರಿಯೋ ಮುಂಚೇನೇ ಗಾಡಿ ಎತ್ಕೊಂಡು ಹೋದಳು.”

“ಎಲ್ಲಿಗೆ?”

“ಕಲ್ಲಿನ ಕೇರಿಗಂತೆ. ಯಾರಿಗೋ ನೋವು ಬಂದಿತ್ತಂತೆ.”

“ಎಷ್ಟು ಹೊತ್ತಾಯ್ತು?”

“ತಾಸಿನ ಮೇಲಾಯ್ತು.”

ದಾದಿಯಮ್ಮ ಗುಡ್ಡದ ಕಡೆ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. “ಹಾಗಾದರೆ ತಲುಪಿರ್ತಾಳೆ” ಎಂದಳು. ಕೈಚೀಲ ಎತ್ತಿಕೊಂಡು, ಗೇಟು ಸದ್ದಾಗದಂತೆ ಎಳೆದುಕೊಂಡು, ಬಸ್ ನಿಲ್ದಾಣದ ಕಡೆ ನಡೆದಳು.