ಹಿಟ್ಟು, ಮೀನು, ಒಂದೇ ಲಾರಿ

ನಾರ್‌ಶೋಪಿಂಗ್ ಎಂಬ ಆ ಹೊರದೇಶದ ಊರಿನ ಗೋದಾಮಿನಲ್ಲಿ ನನ್ನಕ್ಕನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಕಡೆಕಡೆಗೆ ನನಗೂ ಆಗುತ್ತಿರಲಿಲ್ಲ.

ಮೂರು ಸಾಗಣೆ ಕಂಪನಿಗಳು ಒಂದರ ಮೇಲೊಂದು ಹಲ್ಲು ಮಸೆಯುತ್ತಲೇ ಸೇರಿ ನಡೆಸುತ್ತಿದ್ದ ಗೋದಾಮು ಅದು. ಮೊದಲು ಮೂವರ ಲಾರಿಗಳೂ ಅರ್ಧ ಖಾಲಿಯಾಗಿ, ಅವೇ ಊರುಗಳಿಗೆ ಒಂದರ ಹಿಂದೆ ಒಂದು ಹೋಗುತ್ತಿದ್ದವಂತೆ. ಮೂವರ ಸರಕನ್ನೂ ಒಂದೆಡೆ ತಂದು ಒಂದೇ ಲಾರಿ ತುಂಬಿಸಿ ಕಳಿಸುವ ಲೆಕ್ಕ ಅಕ್ಕನದು. ಅಲ್ಲಿನ ಯೂನಿವರ್ಸಿಟಿಯಲ್ಲಿ ಅದನ್ನೇ ಓದಿದ್ದಳು. ಚಳಿಗಾಲ ಮುಗಿಯುವವರೆಗೆ ನೋಡೋಣ ಎಂದು ಕಂಪನಿಯವರು ಒಪ್ಪಿದ್ದರು. ಸರಿಹೋಗದಿದ್ದರೆ ಗೋದಾಮೂ ಇಲ್ಲ, ಅವಳ ಕೆಲಸವೂ ಇಲ್ಲ.

ಲಾರಿ ಕಡಿಮೆಯಾದರೆ ಮುಂದೆ ಕಡಿಮೆಯಾಗುವುದು ತಾವೇ ಎಂದು ಡ್ರೈವರ್‌ಗಳಿಗೆ ಗೊತ್ತಿತ್ತು. ಎಲ್ಲರೂ ಕಾಫಿಗೆ ಕೂತ ಫೀಕಾ ಹೊತ್ತಿನಲ್ಲಿ ಅವಳು ಬಂದರೆ ಮಾತು ನಿಂತುಬಿಡುತ್ತಿತ್ತು. ಅವಳು ಹೋದ ಮೇಲೆ ಒಬ್ಬ ನನ್ನ ಕಡೆ ತಿರುಗಿ, "ನಿನ್ನಕ್ಕ ಇವತ್ತು ಯಾರ ಲಾರಿ ತಿಂದಳು?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ಓದಿದ್ದು ಏಳನೆಯ ತರಗತಿ. ನಮ್ಮೂರು ಗಂಗೊಳ್ಳಿಯಲ್ಲಿ ಅಪ್ಪನಿಗೆ ಒಣಮೀನಿನ ವ್ಯಾಪಾರ. ನಾನು ಅಲ್ಲಿ ಮೂಟೆ ಹೊತ್ತೆ, ಅಕ್ಕ ಓದಿದಳು. ಹೊರದೇಶದವರಿಗೆ ಅಲ್ಲಿ ಕೆಲಸದ ಪರವಾನಗಿ ಸಲೀಸಾದ ಮೇಲೆ ಅವಳೇ ನನ್ನನ್ನು ಕರೆಸಿಕೊಂಡು, ಸರಕೆತ್ತುವ ಫೋರ್ಕ್‌ಲಿಫ್ಟ್ ಓಡಿಸುವುದನ್ನು ಕಲಿಯಲು ಕಳಿಸಿ, ಲಾರಿ ತುಂಬುವ ಕಡೆ ನಿಲ್ಲಿಸಿದಳು. ಮೇಲಿನ ಆಫೀಸಿನಲ್ಲಿ ಕೂತರೆ ಕೆಳಗಿನದು ಕಾಣುವುದಿಲ್ಲ, ನಮ್ಮವರ ಕಣ್ಣೊಂದು ಅಲ್ಲಿರಲಿ ಎಂದಿದ್ದಳು.

ಮೊದಲ ದಿನವೇ ನಾನು ಕೂಗಿ ಕರೆದಾಗ ಎಲ್ಲರೆದುರು ತಡೆದಳು. "ಇಲ್ಲಿ ಅಕ್ಕ ಅನ್ಬೇಡ. ಎಲ್ಲರ ಹಾಂಗೆ ಹೆಸ್ರ್ ಹಿಡ್ದ್ ಕರಿ."

ಆ ದೇಶದಲ್ಲಿ ಯಜಮಾನನನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ತಮ್ಮನೆಂದು ಸಲಿಗೆ ಕೊಟ್ಟಳು ಎಂಬ ಮಾತು ಬರಬಾರದೆಂದು ಅವಳ ಎಣಿಕೆ. ಆಗ ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಅಕ್ಕನ ಹೆಸರು ಹಿಡಿಯಲು ನಾಲಿಗೆ ಏಳಲಿಲ್ಲ. ಹಾಗಾಗಿ ಕರೆಯುವುದನ್ನೇ ಬಿಟ್ಟೆ. ಕೇಳಿದ್ದಕ್ಕಷ್ಟೇ ಉತ್ತರ. ಬರಬರುತ್ತಾ ಮನೆಯಲ್ಲಿ ಉಣ್ಣಲು ಕೂತಾಗಲೂ ಅದೇ ಆಯಿತು. ಅವಳು ಕಷ್ಟಪಟ್ಟು ಏನಾದರೂ ಕೇಳುತ್ತಿದ್ದಳು, ನಾನು ತಟ್ಟೆ ನೋಡುತ್ತಿದ್ದೆ.

ಕ್ರಿಸ್‌ಮಸ್ ಹತ್ತಿರ ಬಂದಾಗ ಪಕ್ಕದ ನಾರ್ವೆಯಿಂದ ಒಣಗಿಸಿದ ಮೀನು ಬರುತ್ತದೆ. ಅದನ್ನು ನೆನೆಸಿ ಹಬ್ಬಕ್ಕೆ ಬೇಯಿಸುತ್ತಾರೆ. ಒಂದು ದಿನ ಗೋಣಿಯಲ್ಲಿ ಕಟ್ಟಿದ ಆ ಮೀನನ್ನೂ, ಇನ್ನೊಂದು ಕಂಪನಿ ಬೇಕರಿಗೆ ಮುಟ್ಟಿಸಬೇಕಿದ್ದ ಹಿಟ್ಟಿನ ಕಾಗದದ ಚೀಲಗಳನ್ನೂ ಒಂದೇ ಲಾರಿಗೆ ಹಾಕಬೇಕೆಂದು ಮೇಲಿನಿಂದ ಅಕ್ಕನ ಚೀಟಿ ಬಂತು. ಕಂಪ್ಯೂಟರಿನ ಪ್ರಕಾರ ಎರಡೂ ಒಣ ಸರಕು. ತೂಕ ಸರಿ, ಜಾಗ ಸರಿ. ಆದರೆ ನಮ್ಮಪ್ಪ, ವಾಸನೆ ಹಿಡಿಯುತ್ತದೆಂದು, ಒಣಮೀನಿನ ಗಾಡಿಯಲ್ಲಿ ಒಂದು ಮುಡಿ ಅಕ್ಕಿ ಇಡಲೂ ಬಿಟ್ಟವನಲ್ಲ. ಕೆಳಗಿದ್ದು ಒಂದು ಸಲ ಮೂಸಿದ್ದರೆ ಅಕ್ಕನೂ ಬಿಡುತ್ತಿರಲಿಲ್ಲ. ಕೆಳಗಿದ್ದವನು ನಾನು.

ತುಂಬಿ ಮುಗಿಯುವಾಗ ಅವಳು ಮೆಟ್ಟಿಲಿನ ಬಳಿ ಬಂದು, ಎಲ್ಲ ಸರಿಯಾ ಎಂಬಂತೆ ದೂರದಿಂದಲೇ ಕೈಯೆತ್ತಿದಳು. ಕೂಗಿ ಕರೆಯಬೇಕಿತ್ತು. ಏನೆಂದು ಕರೆಯಲಿ ಎಂಬುದೇ ಅಡ್ಡವಾಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನೆಪ. ಅನುಭವಿಸಲಿ ಅನ್ನಿಸಿತ್ತು. ಸರಿ ಎಂಬಂತೆ ತಲೆಯಾಡಿಸಿ ಲಾರಿಯ ಬಾಗಿಲು ಹಾಕಿದೆ.

ಹಿಟ್ಟು ಪೂರ್ತಿ ವಾಪಸು ಬಂತು. ಬೇಕರಿಯವನು ಆ ಕಂಪನಿಯನ್ನು ಬಿಟ್ಟ, ಕಂಪನಿ ಗೋದಾಮನ್ನು ಬಿಡುತ್ತೇನೆಂದಿತು. ಸಭೆಯಲ್ಲಿ ಕಂಪನಿಯವರು, ಲಾರಿ ತುಂಬಿದವರು ಯಾರು ಎಂದು ಕೇಳಿದರು. ಡ್ರೈವರ್‌ಗಳೆಲ್ಲ ನನ್ನತ್ತ ನೋಡಿದರು. ಅಕ್ಕ ನೋಡಲಿಲ್ಲ. ಲೆಕ್ಕ ತನ್ನದು, ತಪ್ಪೂ ತನ್ನದೇ, ಕೆಳಗಿನವರು ಹೇಳಿದಷ್ಟು ಮಾಡಿದ್ದಾರೆ ಎಂದಳು.

ಮನೆಗೆ ಬಂದು ಕೋಟನ್ನೂ ಬಿಚ್ಚದೆ ಕೇಳಿದಳು.

"ನಿಂಗೆ ವಾಸ್ನಿ ಬರ್ಲಿಲ್ಯಾ?"

"ಶೀತ ಆಗಿತ್ತ್."

ನನಗೆ ಶೀತವಾಗಿರಲಿಲ್ಲ. ಒಂದೇ ಮನೆಯಲ್ಲಿದ್ದವಳಿಗೆ ಅದು ತಿಳಿಯದ್ದಲ್ಲ. "ಹೌದಾ" ಎಂದು ಒಳಗೆ ಹೋದಳು.

ಚಳಿಗಾಲ ಮುಗಿಯುವ ಮೊದಲೇ ಕಂಪನಿಗಳು ತಂತಮ್ಮ ದಾರಿ ಹಿಡಿದವು. ಅಕ್ಕ ಮಾಲ್ಮೋ ಪಟ್ಟಣಕ್ಕೆ ಹೋಗಿ ಯಾವುದೋ ಸಾಫ್ಟ್‌ವೇರ್ ಆಫೀಸು ಸೇರಿದಳು. ಮೂರರಲ್ಲಿ ದೊಡ್ಡ ಕಂಪನಿಯವರು ನನ್ನನ್ನು ಕರೆದು ಕೆಲಸ ಕೊಟ್ಟರು. ಅಲ್ಲಿನ ಹಳೆಯ ಡ್ರೈವರ್ ಬೆನ್ನು ತಟ್ಟಿ, ನೀನು ನಮ್ಮವನು ಎಂದ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಒಂದು ಭಾನುವಾರ ಅಕ್ಕ ಫೋನು ಮಾಡಿ, ಎಲ್ಲಿ ಕೆಲಸ ಸಿಕ್ಕಿತು ಎಂದು ಕೇಳಿದಳು. ಕಂಪನಿಯ ಹೆಸರು ಹೇಳಿದೆ. ಒಳ್ಳೆಯದಾಯಿತು ಎಂದಳು. ಊಟವಾಯಿತಾ ಎಂದೂ ಕೇಳಿದಳು, ದಾರಿಯಲ್ಲಿ ಸಿಕ್ಕ ಪರಿಚಯದವರನ್ನು ಕೇಳುವ ಹಾಗೆ. ಆಯಿತು ಎಂದೆ.