ಪೇಂಟ್ರಣ್ಣನ ಅಕ್ಷರ

ಕಳೆದ ವಾರ ಮನೆಯ ಗೇಟಿಗೆ ಬಣ್ಣ ಹೊಡೆಸುವಾಗ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಪೇಂಟ್ರಣ್ಣ ನೆನಪಾದರು. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿಯಿತ್ತು. ಊರಿನ ಅರ್ಧಕ್ಕರ್ಧ ಬೋರ್ಡು ಅವರ ಕೈಬರಹವೇ.

ಫ್ಲೆಕ್ಸ್ ಬಂದು ಆ ಬೋರ್ಡುಗಳು ಒಂದೊಂದೇ ಇಳಿಯತೊಡಗಿದಾಗ ನಾನು ಫೋಟೊ ತೆಗೆದು, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಒಂದು ಫಾಂಟ್ ಮಾಡಿದೆ. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಫಾಂಟುಗಳನ್ನು ಪುಕ್ಕಟೆ ಹಂಚುವ ಗುಂಪೊಂದಕ್ಕೆ ಕಳಿಸಿದೆ. ಅವರಿಂದ ಒಂದು ಫಾರಂ ಬಂತು. ಇದು ನಿಮ್ಮ ಆಫೀಸಿನ ಕೆಲಸದ ಭಾಗವೇ, ಸ್ವಂತದ್ದೇ? ಅಕ್ಷರ ಯಾರದು? ಬೇರೆಯವರದಾದರೆ ಒಪ್ಪಿಗೆಯ ಸಹಿ ಎಲ್ಲಿ?

ಫಾರಂ ಹಿಡಿದು ಅಂಗಡಿಗೆ ಹೋದೆ. ಪೇಂಟ್ರಣ್ಣ ಬ್ರಷ್ ಒರೆಸುತ್ತಾ ಕೇಳಿಸಿಕೊಂಡರು.

"ಅಕ್ಷರ ನಂದಲ್ಲ ಕಣಪ್ಪ. ನಮ್ಮ ಗುರುಗಳು ಕೈ ಹಿಡಿದು ತಿದ್ಸಿದ್ದು. ಅವ್ರು ಈಗಿಲ್ಲ, ಮಗಳು ಮುರುಗಮಲ್ಲದಲ್ಲಿ ಅವ್ರೆ. ಆಯಮ್ಮನ್ನ ಕೇಳದೆ ನಾನ್ ಹೆಂಗ್ ಸೈನ್ ಹಾಕ್ಲಿ?"

ಬೋರ್ಡಿನ ಮೂಲೆಯಲ್ಲೂ ಅವರು ಎಂದೂ ತಮ್ಮ ಹೆಸರು ಹಾಕಿದವರಲ್ಲ. ಗುರುಗಳ ಹೆಸರನ್ನೇ ಸಣ್ಣದಾಗಿ ಬರೆಯುತ್ತಿದ್ದರು. ನನಗೆಲ್ಲಿಯ ತಾಳ್ಮೆ! ಎಲ್ಲಿಯ ಗುರು, ಎಲ್ಲಿಯ ಮಗಳು ಎಂದುಕೊಂಡು 'ಪೂರ್ತಿ ನನ್ನದೇ ಕೆಲಸ' ಎಂಬ ಕಡೆ ಟಿಕ್ ಹಾಕಿ ಕಳಿಸಿಬಿಟ್ಟೆ. ಫಾಂಟ್ ನನ್ನ ಹೆಸರಿನಲ್ಲೇ ಹೊರಬಂತು.

ತಿಂಗಳಾದ ಮೇಲೆ ಪೇಂಟ್ರಣ್ಣ ತಾವೇ ನಮ್ಮ ಮನೆಗೆ ಬಂದರು. ಮಂಡಿನೋವಿನಲ್ಲೇ ಮೂರು ಸಲ ಬಸ್ ಹತ್ತಿ ಮುರುಗಮಲ್ಲಕ್ಕೆ ಹೋಗಿ ಒಪ್ಪಿಗೆ ಬರೆಸಿಕೊಂಡಿದ್ದರು. ಗುರುಗಳ ಮಗಳ ಸಹಿ, ಕೆಳಗೆ ಅವರದು.

"ಗುರುಗಳ ಹೆಸ್ರು ಬಂದಾಗ ಮೊಬೈಲಲ್ಲಿ ತೋರ್ಸಪ್ಪ," ಎಂದರು.

ಆಗಲಿ ಅಂದೆ. ಆಮೇಲೆ ಸಿಕ್ಕಾಗೆಲ್ಲ "ಬಂತೇನಪ್ಪ?" ಎನ್ನುತ್ತಿದ್ದರು. "ಇನ್ನೂ ನೋಡ್ತಾವ್ರೆ ಅಣ್ಣ," ಎನ್ನುತ್ತಿದ್ದೆ. ತಿದ್ದಿಸಬೇಕಾದರೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಬೇಕಿತ್ತು... ಹಾಗೇ ಒಂದು ವರ್ಷ ತಳ್ಳಿದೆ.

ಅವರು ತೀರಿಕೊಂಡ ಮೇಲೆ ಆ ಗುಂಪಿಗೆ ನಿಜ ಬರೆದು, ಒಪ್ಪಿಗೆಯ ಕಾಗದವನ್ನೂ ಕಳಿಸಿದೆ. ಎರಡೇ ದಿನಕ್ಕೆ ಹೆಸರು ಬದಲಾಯಿತು. ಗುರುಗಳದು ಮೊದಲು, ಆಮೇಲೆ ಪೇಂಟ್ರಣ್ಣನದು. ಇದ್ದದ್ದು ಅಷ್ಟೇ ಕೆಲಸ. ನನಗೆ ಅಳು ಬರಲಿಲ್ಲ, ಸಮಾಧಾನವೂ ಆಗಲಿಲ್ಲ.

ನಿನ್ನೆ ಮುರುಗಮಲ್ಲಕ್ಕೆ ಹೋಗಿ ಗುರುಗಳ ಮಗಳಿಗೆ ಮೊಬೈಲಿನಲ್ಲಿ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಎರಡೂ ಹೆಸರು ನಿಧಾನವಾಗಿ ಓದಿದರು.

"ಪೇಂಟ್ರಣ್ಣ ಹೋಗೋಕ್ ಮುಂಚೆ ಇದ್ನ ನೋಡಿದ್ರಾ?"

ಹೂಂ ಅಂದುಬಿಟ್ಟೆ.