ಡಾಕ್ಟರ ಕೈಗೆ ಕೊಡಬೇಕಿದ್ದ ಖಣ

ನಮ್ಮವ್ವನಿಗೆ ಮೂರು ಭಾಷೆಯ ಗಿರಾಕಿಗಳಿದ್ದರು. ಅವಳಿಗೆ ಬರುತ್ತಿದ್ದದ್ದು ಮಾತ್ರ ಒಂದೇ ಭಾಷೆ. ನಾರಾಯಣಗೂಡದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಹೊಲಿಗೆ ಮಷೀನು ಹಾಕಿಕೊಂಡು, ತೆಲುಗಿನವರ ಜಾಕೆಟ್ಟು, ಹಿಂದಿನ ಗಲ್ಲಿಯ ಬೇಗಂಗಳ ಕುರ್ತಾ, ನಮ್ಮ ಕಡೆಯವರ ಖಣದ ಕುಪ್ಪಸ ಎಲ್ಲವನ್ನೂ ಹೊಲಿಯುತ್ತಿದ್ದಳು. ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಖಣ ಅಂದರೆ ಕುಪ್ಪಸಕ್ಕೆಂದೇ ನೇಯುವ ಆ ದಪ್ಪ ಅಂಚಿನ ತುಂಡು ಬಟ್ಟೆ. ಅದರ ವಾಸನೆ ನೋಡಿಯೇ ಯಾವ ಮಗ್ಗದ್ದು ಅಂತ ಹೇಳುತ್ತೇನೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾದರೂ ತೆಲುಗು, ಹಿಂದಿ ಎರಡಕ್ಕೂ ಅವಳ ನಾಲಿಗೆ ಹೊರಳಲಿಲ್ಲ.

ಆದರೂ ಅವಳ ವ್ಯಾಪಾರ ಎಲ್ಲಿಯೂ ನಿಲ್ಲಲಿಲ್ಲ. ಅದಕ್ಕೆ ಅವಳದೇ ಒಂದು ಪದ್ಧತಿಯಿತ್ತು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಮೂರು ಗೆರೆ ಎಳೆಯುವಳು: ಕುತ್ತಿಗೆ ಇಷ್ಟು ಇಳಿಯಲೋ, ಅಷ್ಟು ಇಳಿಯಲೋ. ಗಿರಾಕಿ ಬೆರಳಿಟ್ಟು ತೋರಿಸಿದ ಗೆರೆಯ ಮೇಲೆ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕುವಳು. ಅದನ್ನು ಮತ್ತೊಮ್ಮೆ ಅವರ ಮುಂದೆ ಹಿಡಿಯುವಳು. ಅವರು ತಲೆಯಾಡಿಸಿದ ಮೇಲೆಯೇ ಕತ್ತರಿ. ಕೆಂಪು ದಾರ ಬೀಳದ ಕಡೆ ಕತ್ತರಿ ಆಡಿಸಿದವಳಲ್ಲ. ಇಂಥ ಪದ್ಧತಿಯ ಹೆಂಗಸು ತನ್ನ ಮೈಯ ಮೇಲೆ ಕತ್ತರಿ ಬೀಳುವಾಗ ಏನು ಮಾಡಿಯಾಳು ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆಗ ನಾನು ಕಾಲೇಜಿನಲ್ಲಿ ಇಂಟರ್ ಎರಡನೇ ವರ್ಷದವಳು, ಇಂಗ್ಲಿಷು ಬರುವ ಜಾಣೆ, ಮೂಗಿನ ತುದಿಯಲ್ಲೇ ಸಿಟ್ಟು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಏನೋ ಕೈಗೆ ಸಿಗುತ್ತದೆ ಅಂತ ಅವ್ವ ಮೊದಲು ಹೇಳಿದ್ದು ಹಾಲು ಹಾಕುವವಳಿಗೆ, ಅದೂ ಸನ್ನೆಯಲ್ಲಿ. ನಮಗಲ್ಲ. ಹಾಲಿನವಳು ನನ್ನನ್ನು ಬಾಗಿಲಲ್ಲಿ ತಡೆದು ತೆಲುಗಿನಲ್ಲಿ ಬೈದ ಮೇಲೆ ವಿಷಯ ಅಪ್ಪನಿಗೆ ಗೊತ್ತಾಯಿತು. ಅಪ್ಪ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಎಂಥ ಯಂತ್ರವನ್ನಾದರೂ ಬಿಚ್ಚಿ ಜೋಡಿಸುವ ಮನುಷ್ಯ, ಹೆಂಡತಿಯ ಮೈಯ ಮಾತು ಬಂದರೆ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಸೂಜಿ ಹಾಕಿ ಪರೀಕ್ಷೆ ಮಾಡಿಸಿದ್ದಾಯಿತು. ಬಂದ ಫಲಿತಾಂಶವನ್ನು ನಮ್ಮ ಮನೆಯಲ್ಲಿ ಯಾರೂ ಅದರ ಹೆಸರು ಹಿಡಿದು ಹೇಳಲಿಲ್ಲ. 'ಗಂಟು' ಅಂದೆವು, ಅಷ್ಟೇ.

ದೊಡ್ಡಾಸ್ಪತ್ರೆಯ ಸರ್ಜನ್ನರು ತೆಲುಗಿನವರು, ವಯಸ್ಸಾದವರು, ಸಹನೆಯುಳ್ಳವರು. ಅವ್ವನನ್ನು ಪರದೆಯ ಹಿಂದೆ ಪರೀಕ್ಷೆ ಮಾಡಿ ಬಂದು, ಒಂದು ಕಾಗದದ ಮೇಲೆ ಪೆನ್ನಿನಲ್ಲಿ ಎದೆಯ ಚಿತ್ರ ಬರೆದರು. ಅದರ ಮೇಲೆ ಎರಡು ಗೆರೆ ಎಳೆದರು, ಒಂದು ಸಣ್ಣದು, ಒಂದು ದೊಡ್ಡದು. ಗಂಟು ಇನ್ನೂ ಸಣ್ಣದಿದೆ, ಎರಡು ದಾರಿಗಳಿವೆ ಅಂದರು. ಇಡೀ ಮೊಲೆ ತೆಗೆಯುವುದು ಒಂದು. ಗಂಟನ್ನೂ ಅದರ ಸುತ್ತಲಿನ ಒಂದಿಷ್ಟು ಮಾಂಸವನ್ನೂ ಮಾತ್ರ ತೆಗೆದು, ಆಮೇಲೆ ಐದಾರು ವಾರ ದಿನಾ ಬಂದು ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳುವುದು ಇನ್ನೊಂದು. ಕಂಕುಳ ಗ್ರಂಥಿಗಳನ್ನು ಹೇಗಿದ್ದರೂ ತೆಗೆದು ನೋಡಬೇಕು. ಇವರಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ, ಬದುಕಿನ ಭರವಸೆ ಒಂದೇ. ಇದನ್ನೆಲ್ಲ ಇಂಗ್ಲಿಷಿನಲ್ಲಿ ನನಗೆ ಹೇಳಿ, ನಿಮ್ಮ ತಾಯಿಯನ್ನು ಕೇಳಮ್ಮಾ, ಅವರಿಗೆ ಯಾವುದು ಬೇಕು ಅಂದರು.

ನಾನು ಕೇಳಲಿಲ್ಲ. ಕನ್ನಡದಲ್ಲಿ ಆ ಶಬ್ದ ಹೇಳಬೇಕಲ್ಲ, ಅಪ್ಪನ ಎದುರಿಗೆ! ಇಂಗ್ಲಿಷು ಅಷ್ಟಿಷ್ಟು ತಿಳಿಯುತ್ತಿದ್ದ ಅಪ್ಪ ಮಾತ್ರ ನನ್ನ ಕಡೆ ಬಾಗಿ ಮೆಲ್ಲಗೆ, ಪೂರ್ತಿ ತೆಗೆದರೇ ವಾಸಿ, ಮತ್ತೆ ಬರೋದು ಬ್ಯಾಡ ಅಂದರು. ಅವ್ವ ಮೇಜಿನ ಮೇಲಿನ ಕಾಗದವನ್ನೇ ನೋಡುತ್ತಿದ್ದಳು.

"ಎರಡು ಗೆರಿ ಯಾಕ ಹಾಕ್ಯಾರ?" ಅಂತ ನನ್ನನ್ನು ಕೇಳಿದಳು.

"ಹಂಗ ತೋರಿಸ್ಯಾರ ಅಷ್ಟ," ಅಂದೆ.

ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಅವರು ಪೂರ್ತಿ ತೆಗೆಯಲು ಒಪ್ಪಿದ್ದಾರೆ ಅಂದೆ. ಎರಡು ಭಾಷೆ ಬಲ್ಲವಳು ಒಂದೇ ಉಸಿರಿನಲ್ಲಿ ಎರಡೂ ಕಡೆ ಸುಳ್ಳು ಹೇಳಿದೆ. ಹೊರಡುವಾಗ ಅವ್ವ ಆ ಕಾಗದವನ್ನು ಮಡಿಚಿ ಸೊಂಟದ ಚೀಲಕ್ಕೆ ಹಾಕಿಕೊಂಡಳು; ಡಾಕ್ಟರು ಬೇಡ ಅನ್ನಲಿಲ್ಲ.

ಆಪರೇಷನ್ನಿಗೆ ಒಂದು ವಾರವಿತ್ತು. ಹೊರಡುವ ದಿನ ಪಕ್ಕದ ಮನೆಯ ಧಾರವಾಡದವರು ಬಂದು ಅವ್ವನ ಉಡಿ ತುಂಬಿದರು. ಅರಿಷಿಣ ಹಚ್ಚಿದ ಅಕ್ಕಿ, ಒಣಕೊಬ್ಬರಿ, ಅಡಿಕೆ, ಒಂದು ಹೊಸ ಖಣ. ಮುತ್ತೈದೆ ದೂರ ಹೊರಟಾಗ ನಮ್ಮಲ್ಲಿ ಹೀಗೆ ಮಾಡುವುದುಂಟು. ದೊಡ್ಡಾಸ್ಪತ್ರೆ ಬಸ್ಸಿನಲ್ಲಿ ಮುಕ್ಕಾಲು ತಾಸು ಅಷ್ಟೇ, ಆದರೂ ಅವ್ವ ಸೆರಗು ಒಡ್ಡಿ ನಿಂತು ಅತ್ತಳು. ನನಗೋ ಇವರ ಹಳ್ಳಿತನ ನೋಡಿ ಮೈಯೆಲ್ಲ ಉರಿ. ಹಿಂದಿನ ವಾರವಷ್ಟೇ ಅವ್ವ ವಾರ್ಡಿನ ನರ್ಸಿಗೊಂದು, ಆಯಾಗೊಂದು ಖಣ ಕೊಟ್ಟಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿದ್ದನ್ನು ನಾನು ಕಂಡಿದ್ದೆ.

ವಾರ್ಡಿನಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋಗುವ ಮುಂಚೆ, ದಿಂಬಿನ ಕೆಳಗಿಂದ ಒಂದು ಖಣದ ಮಡಿಕೆ ತೆಗೆದು ನನ್ನ ಕೈಗಿಟ್ಟಳು. ಹಸಿರು ಖಣ, ಕೆಂಪು ಅಂಚು, ಚೌಕಾಗಿ ಮಡಿಚಿ ನಾಲ್ಕೂ ಕಡೆ ಹೊಲಿದಿತ್ತು.

"ಇದನ್ನ ಡಾಕ್ಟರ ಕೈಯಾಗ ಕೊಡು. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ."

ಡಾಕ್ಟರ ಹೆಂಡತಿಗೆ ಖಣ ಅಂದುಕೊಂಡೆ. ಇನ್ನೇನು ಅಂದುಕೊಳ್ಳಲಿ, ನರ್ಸು ಆಯಾ ಮುಗಿದು ಈಗ ದೊಡ್ಡವರ ಸರದಿ! ಆ ಕೋಟು ಹಾಕಿಕೊಂಡ ದೊಡ್ಡ ಮನುಷ್ಯರ ಮುಂದೆ ಹೋಗಿ, ನಮ್ಮವ್ವ ನಿಮ್ಮ ಮನೆಯವರಿಗೆ ಕುಪ್ಪಸಕ್ಕೆ ಬಟ್ಟೆ ಕಳಿಸಿದ್ದಾಳೆ ಅನ್ನುವುದು ನನ್ನಿಂದ ಆಗದ ಕೆಲಸ. ಅವರು ಅದೇ ವರಾಂಡದಲ್ಲಿ ನನ್ನ ಪಕ್ಕದಲ್ಲೇ ಹಾದು ಹೋದರು. ಏನಮ್ಮಾ, ಹೆದರಬೇಡ ಅಂತ ತಲೆ ಸವರಿದರು ಕೂಡ. ನಾನು ಮಡಿಕೆಯನ್ನು ಕಾಲೇಜು ಚೀಲದೊಳಗೆ ಪುಸ್ತಕದ ಕೆಳಗೆ ತುರುಕಿದೆ.

ಎರಡು ದಿನ ಬಿಟ್ಟು ಅವಳಿಗೆ ಸರಿಯಾಗಿ ಎಚ್ಚರವಿದ್ದಾಗ ಎದೆಗೆ ಅಗಲವಾಗಿ ಪಟ್ಟಿ ಸುತ್ತಿತ್ತು, ಪಕ್ಕದಿಂದ ಒಂದು ಕೊಳವೆ ಇಳಿದಿತ್ತು. ಬಲಗೈಯಿಂದ ಎಡಗಡೆ ಮುಟ್ಟಿ ನೋಡಿಕೊಂಡಳು. ಮತ್ತೊಮ್ಮೆ ಮುಟ್ಟಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಕೊಟ್ಟಿದ್ದೇನು?"

"ಹೂಂ, ಕೊಟ್ಟೆ."

"ನೋಡಿದ್ರೇನು ಅವರು?"

"ನೋಡಿದ್ರು."

ಅವ್ವ ಬಲಗೈಯಿಂದ ಹೊದಿಕೆ ಎಳೆದುಕೊಂಡಳು. "ಇರ್ಲಿ ಬಿಡು. ದೊಡ್ಡ ಡಾಕ್ಟರು, ನೋಡೇ ಹಿಂಗ ಮಾಡಿರ್ತಾರ," ಅಂದು ಗೋಡೆಯ ಕಡೆ ಹೊರಳಿಕೊಂಡಳು. ಉಡುಗೊರೆ ಕೊಟ್ಟರೂ ಡಾಕ್ಟರು ಎರಡು ಒಳ್ಳೆ ಮಾತಾಡಲಿಲ್ಲವೆಂಬ ಬೇಜಾರು ಅಂತ ನಾನು ತಿಳಿದೆ. ತಿಳಿದುಕೊಂಡು ಹೊರಗೆ ಹೋಗಿ ಚಹಾ ಕುಡಿದೆ.

ಮನೆಗೆ ಬಂದ ಮೇಲೆ ಅವಳ ಎಡಗೈ ಮೇಲೆ ಏಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ನಡೆಸುತ್ತ ದಿನಾ ಇಷ್ಟಿಷ್ಟೇ ಏರಿಸಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಅವಳ ಬೆರಳು ಏರಿದಷ್ಟಕ್ಕೆ ಸೀಮೆಸುಣ್ಣದ ಗೀಟು ಎಳೆಯುವುದು ನನ್ನ ಕೆಲಸ. ನನಗೆ ಅವಸರ, ಪರೀಕ್ಷೆ ಹತ್ತಿರ. ಲಗೂ ಏರಿಸು ಅಂತ ತಲೆ ತಿನ್ನುತ್ತಿದ್ದೆ. ಎರಡು ತಿಂಗಳಿಗೆ ಗೀಟು ಕ್ಯಾಲೆಂಡರಿನ ಮೊಳೆ ಮುಟ್ಟಿತು. ಅಂದು ಅಪ್ಪ ಸುಲ್ತಾನ್ ಬಜಾರಿನಿಂದ ಜಿಲೇಬಿ ತಂದರು, ಯಾಕೆ ಅಂತ ಹೇಳಲಿಲ್ಲ.

ಕುಪ್ಪಸ ಒಂದು ಕಡೆ ಜೋಲುತ್ತಿತ್ತು. ಹತ್ತಿ ತುಂಬಿ ನೋಡಿದಳು. ಹಗುರ, ಮೇಲಕ್ಕೆ ಏರಿ ಬರುತ್ತಿತ್ತು, ಭುಜವೂ ಒಂದು ಕಡೆ ವಾಲುತ್ತಿತ್ತು. ಕೊನೆಗೆ ಉಡಿಯ ಖಣವನ್ನೇ ಕತ್ತರಿಸಿ ಅಂಗೈಯಷ್ಟು ದುಂಡನೆಯ ಚೀಲ ಹೊಲಿದು, ಅದಕ್ಕೆ ಉಡಿಯ ಅಕ್ಕಿ ತುಂಬಿದಳು. ತೂಕ ಬರೋಬ್ಬರಿ ಆಯಿತು. ಅರಿಷಿಣ ಇದ್ದದ್ದಕ್ಕೆ ಹುಳ ಬೀಳುವುದಿಲ್ಲ ಅಂತ ಸಮಾಧಾನ. ವರ್ಷಕ್ಕೊಮ್ಮೆ ಯಾರಾದರೂ ಉಡಿ ತುಂಬಿದಾಗ ಅಕ್ಕಿ ಬದಲಿಸುವಳು. ಹಳೆಯದನ್ನು ಗುಬ್ಬಿಗಳಿಗೆ ಚೆಲ್ಲುವಳು. ಮಷೀನು ತುಳಿಯುತ್ತ ಬಾಗಿದಾಗ ಆ ಅಕ್ಕಿ ಸರ್ ಅಂತ ಸರಿಯುವ ಸದ್ದು ಕೇಳಿಸುತ್ತಿತ್ತು. ಈಗ ಯಾರ ಮನೆಯಲ್ಲಾದರೂ ಮೊರದಲ್ಲಿ ಅಕ್ಕಿ ಕೇರುವ ಸದ್ದು ಕೇಳಿದರೆ ನಾನು ನಿಂತುಬಿಡುತ್ತೇನೆ. ಅವ್ವ ಬೇಕು ಅನ್ನಿಸುತ್ತದೆ. ಇಷ್ಟು ವಯಸ್ಸಾದವಳಿಗೆ ಹಾಗೆ ಅನ್ನಿಸಬಾರದು ಅಂತ ಎಲ್ಲಿಯೂ ಬರೆದಿಲ್ಲವಲ್ಲ.

ಆಮೇಲೆ ಹನ್ನೊಂದು ವರ್ಷ ಇದ್ದಳು. ಆ ಗಂಟು ಮರಳಿ ಬರಲಿಲ್ಲ. ಹೋದದ್ದು ಹೃದಯ ನಿಂತು, ಮಷೀನಿನ ಮುಂದೆ ಕೂತಲ್ಲೇ. ಆ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಬಾರಿ ಆ ಮಾತೆತ್ತಿದಳು. ಗಿರಾಕಿಯೊಬ್ಬಳ ಬಟ್ಟೆಗೆ ಕೆಂಪು ದಾರ ಹಾಕುತ್ತಿದ್ದವಳು ನಡುವೆಯೇ ನಿಲ್ಲಿಸಿ, ಡಾಕ್ಟರಿಗೆ ಏನು ಕಂಡಿತ್ತೋ ಏನೋ ಅಂದಳು. ನಾನು ಪೇಪರು ಓದುತ್ತಿದ್ದೆ, ಏನು ಅಂತ ಕೇಳಲಿಲ್ಲ.

ಮಾದಾಪುರದ ಆಸ್ಪತ್ರೆಯೊಂದರಲ್ಲಿ ನನಗೂ ಅದೇ ಗಂಟು ಅಂತ ಹೇಳಿದಾಗ ನನಗೆ ನಲವತ್ತು ದಾಟಿತ್ತು. ಈ ಸಲದ ಸರ್ಜನ್ನು ಹೆಣ್ಣುಮಗಳು, ನನಗಿಂತ ಚಿಕ್ಕವಳು. ಅವಳೂ ಕಾಗದ ಎಳೆದುಕೊಂಡು ಚಿತ್ರ ಬರೆದಳು, ಎರಡು ಗೆರೆ ಹಾಕಿದಳು, ನಿಮಗೆ ಯಾವುದು ಬೇಕು ಅಂತ ತೆಲುಗಿನಲ್ಲಿ ನೇರವಾಗಿ ನನ್ನನ್ನೇ ಕೇಳಿದಳು. ನಾಳೆ ಹೇಳುತ್ತೇನೆ ಅಂದೆ. ಅಷ್ಟು ಸರಳವಾದ ಪ್ರಶ್ನೆ ಅದು. ಮೂರು ಶಬ್ದ.

ಮನೆಗೆ ಬಂದು ಅವ್ವನ ಟ್ರಂಕು ಎಳೆದೆ. ಅಕ್ಕಿಯ ಚೀಲ ಕೈಯಲ್ಲಿ ಹಿಡಿದು ಕೂಡಬೇಕು ಅನ್ನಿಸಿತ್ತು, ಬೇರೇನೂ ಅಲ್ಲ. ಚೀಲ ಸಿಕ್ಕಿತು. ಅದರ ಕೆಳಗೆ ನನ್ನ ಇಂಟರ್ ಪುಸ್ತಕಗಳು, ಅವುಗಳ ಅಡಿಗೆ ಹಸಿರು ಖಣದ ಮಡಿಕೆ. ಆಗ ಪುಸ್ತಕಗಳ ಜೊತೆ ಕಟ್ಟಿಟ್ಟು ಮರೆತಿದ್ದೆ; ಅವ್ವ ಹೋದ ಮೇಲೆ ಆ ಕಟ್ಟನ್ನು ಬಿಚ್ಚದೆ ನಾನೇ ಅಲ್ಲಿ ಹಾಕಿದ್ದೆ. ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಹಿಡಿದಾಗ ಒಳಗೆ ಏನೋ ಕಾಗದದ ಹಾಗೆ ಸದ್ದು ಮಾಡಿತು. ಬ್ಲೇಡಿನಿಂದ ಬಿಚ್ಚಿದೆ.

ಆ ಹಳೆಯ ಡಾಕ್ಟರು ಬರೆದ ಚಿತ್ರ. ಎರಡು ಗೆರೆ. ಸಣ್ಣ ಗೆರೆಯ ಮೇಲೆ, ಸುತ್ತಲೂ, ಕೆಂಪು ದಾರದ ಕಚ್ಚಾ ಹೊಲಿಗೆ. ಕಾಗದ ಹರಿಯದ ಹಾಗೆ ಒಂದೊಂದೇ ತೂತು ನೋಡಿ ಹಾಕಿದ್ದು. ದೊಡ್ಡ ಗೆರೆಯನ್ನು ಅವಳು ಮುಟ್ಟಿರಲಿಲ್ಲ.

ಅವಳಿಗೆ ಎಲ್ಲ ತಿಳಿದಿತ್ತು. ತಾನು ಹೇಳಿದ್ದನ್ನು ನೋಡಿಯೂ ಡಾಕ್ಟರು ಪೂರ್ತಿ ಕತ್ತರಿಸಿದರು ಅಂತ ಹನ್ನೊಂದು ವರ್ಷ ನಂಬಿ ಬದುಕಿದಳು, ನನ್ನ ಒಂದು 'ಹೂಂ'ನಿಂದ. ನೆಲದ ಮೇಲೆ ಕೂತು ಅತ್ತೆ. ಅವಳು ಒಂದು ಸಲ, ಒಂದೇ ಸಲ ಎದುರಿಗೆ ಬಂದು ಕೂತರೆ ಸಾಕಿತ್ತು. ಅವರು ನೋಡಲೇ ಇಲ್ಲ ಅವ್ವಾ, ನಾನೇ ಕೊಡಲಿಲ್ಲ ಅಂತ ಹೇಳಿಬಿಡುತ್ತಿದ್ದೆ. ಬೈಯಲಿ, ಹೊಡೆಯಲಿ.

ಮರುದಿನ ಮಾದಾಪುರಕ್ಕೆ ಹೋಗಿ ಆ ಕಾಗದವನ್ನು ಡಾಕ್ಟರ ಕೈಯಲ್ಲೇ ಕೊಟ್ಟೆ. ಅವಳು ದಾರದ ಮೇಲೆ ಬೆರಳಾಡಿಸಿ, ಇದು ಯಾರದು ಅಂದಳು. ನಮ್ಮ ತಾಯಿಯದು, ಡಾಕ್ಟರ ಕೈಗೆ ಕೊಡು ಅಂದಿದ್ದರು, ತಡವಾಯಿತು ಅಂದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನಿಮ್ಮದೂ ಇದೇ ಗೆರೆಯೇ ಅಂತ ಕೇಳಿದಳು. ಹೌದು ಅಂದೆ. ಫೈಲಿಗೆ ಮಾತ್ರ ಈ ಫಾರಂ ಬೇಕು ಅಂತ ಒಂದು ಅಚ್ಚಿನ ಹಾಳೆ ಮುಂದಿಟ್ಟಳು, ಸಹಿ ಮಾಡಿದೆ. ಅವ್ವನ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಮರಳಿಸಿದಳು.

ಅದನ್ನು ಖಣದಲ್ಲಿ ಸುತ್ತಿಕೊಂಡು ಹೊರಗೆ ಬಂದು, ಆಟೋಗಳು ನಿಲ್ಲುವ ಜಾಗದಲ್ಲಿ, ಯಾರು ಕೇಳಿದರೆ ಕೇಳಲಿ ಅಂತ ಬಾಯಿಬಿಟ್ಟೇ ಹೇಳಿದೆ: "ಕೊಟ್ಟೆನವ್ವಾ. ನೋಡಿದ್ರು."